ಊರೆಲ್ಲ ನೀರು, ನಮ್ಮ ಮೆಷಿನ್ನಿಗೆ ಮಾತ್ರ ಬಾಯಾರಿಕೆ

"ಇನ್ನು ಮುಂದೆ ಈ ಮನೆಯಲ್ಲಿ ಯಾವ ಯಂತ್ರ ಕೆಟ್ಟರೂ ಮೆಕ್ಯಾನಿಕ್ಕನ್ನು ಕರೆಯತಕ್ಕದ್ದಲ್ಲ! ನಾನೇ ನೋಡಿಕೊಳ್ಳುತ್ತೇನೆ!"

ಹೀಗೆಂದು ನಾನು ಘೋಷಿಸಿದ್ದು ಹೊಸವರ್ಷದ ಹಬ್ಬದ ಎರಡನೆಯ ದಿನ ಬೆಳಿಗ್ಗೆ. ದಿನವನ್ನು ಸುಮ್ಮನೆ ಆರಿಸಿಕೊಂಡಿರಲಿಲ್ಲ. ಅವತ್ತು ವನ್‌ನಾವ್. ಸಯಾಮ್ ದೇಶದ ನಮ್ಮ ಲಾಂಪಾಂಗ್ ಕಡೆ ವನ್‌ನಾವ್ ದಿನ ಯಾರೂ ಯಾರನ್ನೂ ಬೈಯುವಂತಿಲ್ಲ, ಜಗಳ ಆಡುವಂತಿಲ್ಲ. ಒಂದೇ ಒಂದು ಕೆಟ್ಟ ಮಾತು ಜಾರಿದರೂ ವರ್ಷವಿಡೀ ಬಾಯಿ ಕೊಳೆಯುತ್ತದೆ ಎಂದು ಹಿರಿಯರ ಮಾತು. ಮಿಕ್ಕ ದಿನಗಳಲ್ಲಿ ನಾನು ಸ್ಕ್ರೂಡ್ರೈವರ್ ಮುಟ್ಟಿದರೆ ಸಾಕು, ನನ್ನ ಹೆಂಡತಿ ಓಯ್ ಬೈಗುಳ ಶುರು ಮಾಡುತ್ತಾಳೆ. ನಮ್ಮ ಭಾಷೆಯಲ್ಲಿ ಓಯ್ ಎಂದರೆ ಕಬ್ಬು. ಹೆಸರು ಅವಳದು, ಗಾಣಕ್ಕೆ ಹೋಗುವವನು ಮಾತ್ರ ನಾನು! ಇಂಥವಳ ಬಾಯಿಗೆ ಪಂಚಾಂಗವೇ ಬೀಗ ಹಾಕಿರುವಾಗ ಗಂಡಸಾದವನು ಸ್ಪ್ಯಾನರ್ ಹಿಡಿಯಲು ಇದಕ್ಕಿಂತ ಒಳ್ಳೆಯ ಮುಹೂರ್ತ ಯಾವುದು?

ಇನ್ನೊಂದು ಕಾರಣವೂ ಇತ್ತು, ಅದು ಮಾನದ ಪ್ರಶ್ನೆ. ಮರುದಿನ ಬಳಗವೆಲ್ಲ ಸೇರಿ ನಮ್ಮತ್ತೆ ಬುವಾಲಾ ಅವರ ಕೈಗೆ ಪರಿಮಳದ ನೀರೆರೆದು, ತಪ್ಪುಗಳಿಗೆ ಕ್ಷಮೆ ಕೇಳಿ, ಆಶೀರ್ವಾದ ಪಡೆಯುವ ದಿನ. ನನ್ನ ಷಡ್ಡಕ ಸುಥಿನ್ ವಿದ್ಯುತ್ ಇಲಾಖೆಯಲ್ಲಿ ಎಂಜಿನಿಯರು. ಅವನಿಗೆ ಅತ್ತೆ ಪ್ರತಿವರ್ಷ ಆಶೀರ್ವಾದ ಮಾಡುವುದನ್ನು ಕೇಳಬೇಕು! ಕೀರ್ತಿ ಬರಲಿ, ಬಡ್ತಿ ಬರಲಿ, ಕೈ ಹಾಕಿದ ಕೆಲಸವೆಲ್ಲ ಕೈಗೂಡಲಿ ಎಂದು ನೀರು ಒಣಗುವ ತನಕ ನಡೆಯುತ್ತದೆ. ನನ್ನ ಸರದಿ ಬಂದಾಗ ಮಾತ್ರ "ಆರೋಗ್ಯವಾಗಿರಪ್ಪ" ಎಂದು ಮುಗಿಸಿ ಕೈ ಒರೆಸಿಕೊಳ್ಳುತ್ತಾರೆ. ಜ್ವರದ ಮಾತ್ರೆಯ ಡಬ್ಬಿಯೂ ಅಷ್ಟು ಹಾರೈಸುತ್ತದೆ! ಈ ವರ್ಷ ನನಗೂ ಉದ್ದನೆಯ ಆಶೀರ್ವಾದ ಬೇಕಿತ್ತು. ಬಳಗದ ಎದುರಿಗೆ, ಸುಥಿನ್ ಕೇಳುವ ಹಾಗೆ.

ಅವಕಾಶ ತಾನಾಗಿ ಒದಗಿ ಬಂತು. ಅತ್ತೆ ಮರುದಿನ ತೊಡಬೇಕಾದ ಬಿಳಿ ಹತ್ತಿಯ ರವಿಕೆ, ಓಯ್‌ಳ ಕೈಮಗ್ಗದ ಲಂಗ, ನನ್ನ ಹೂವಿನ ಅಂಗಿ ಎಲ್ಲ ವಾಷಿಂಗ್ ಮೆಷಿನ್ನಿನಲ್ಲಿದ್ದವು. ಓಯ್ ಸೋಪಿನ ಪುಡಿ ಹಾಕಿ ಗುಂಡಿ ಒತ್ತಿದಳು. ಮೆಷಿನ್ನು ಒಮ್ಮೆ ಗುರ್ ಅಂತು, ಆಮೇಲೆ ಕೀಂ ಕೀಂ ಅಂತು. ಒಳಗೆ ತೊಟ್ಟು ನೀರಿಲ್ಲ!

ಬೀದಿಯಲ್ಲಿ ನೋಡಿದರೆ ಹೊಸವರ್ಷದ ನೀರಾಟದ ಪ್ರಳಯ. ಪಿಕಪ್ ವ್ಯಾನುಗಳ ಮೇಲೆ ಡ್ರಮ್ಮು ಹೊತ್ತು, ಕೆನ್ನೆಗೆ ಬಿಳಿ ಜೇಡಿ ಬಳಿದುಕೊಂಡು ಊರಿಗೆ ಊರೇ ಒಬ್ಬರ ಮೇಲೊಬ್ಬರು ನೀರು ಸುರಿಯುತ್ತಿದ್ದಾರೆ. ಪೊಲೀಸರು ಒದ್ದೆ, ನಾಯಿಗಳು ಒದ್ದೆ, ಭಿಕ್ಷೆಗೆ ಹೊರಟ ಭಿಕ್ಷುಗಳ ಛತ್ರಿ ಒದ್ದೆ. ಇಡೀ ಸಯಾಮ್ ದೇಶದಲ್ಲಿ ಒಣಗಿದ ವಸ್ತು ಎಂದರೆ ನಮ್ಮ ವಾಷಿಂಗ್ ಮೆಷಿನ್ನಿನ ಹೊಟ್ಟೆ ಒಂದೇ!

"ರೀ, ನಾಳೆ ಹೇಗಿದ್ರೂ ಸುಥಿನ್ ಭಾವ ಬರ್ತಾರಲ್ಲ..." ಎಂದಳು ಓಯ್.

ಸುಥಿನ್! ಆ ಹೆಸರು ಕಿವಿಗೆ ಬಿದ್ದದ್ದೇ ತಡ, ನಾನು ಪೆಟ್ಟಿಗೆಯಿಂದ ಸ್ಪ್ಯಾನರ್ ತೆಗೆದೆ. ಓಯ್‌ಳ ಬಾಯಿ ತೆರೆಯಿತು. ನಾನು ಗೋಡೆಯ ಕ್ಯಾಲೆಂಡರ್ ಕಡೆ ಬೆರಳು ತೋರಿಸಿದೆ. ಬಾಯಿ ಮುಚ್ಚಿತು. ನನಗಾದ ಸಂತೋಷವನ್ನು ಏನೆಂದು ಹೇಳಲಿ!

ಅವಳು ಹಲ್ಲು ಕಚ್ಚಿಕೊಂಡೇ ನಕ್ಕಳು. "ನನ್ನ ಬಂಗಾರದಂಥ ಯಜಮಾನರೇ, ನಿಮ್ಮ ಕೈ ದೇವರು ಕೊಟ್ಟ ಕೈ. ಅದನ್ನ ತೊಡೆ ಮೇಲೆ ಇಟ್ಕೊಂಡು ಕೂತಿದ್ರೆ ನೋಡೋಕೆ ಎಷ್ಟು ಚಂದ!"

"ಹೊಗಳಿಕೆ ಆಮೇಲೆ. ಮೊದಲು ಟಾರ್ಚ್ ಹಿಡಿ."

ಮೆಷಿನ್ನು ಇರುವುದು ಹಿತ್ತಿಲ ಜಗುಲಿಯಲ್ಲಿ. ಅದರ ಪಕ್ಕದ ಗೋಡೆಗೆ ಒರಗಿ ಅತ್ತೆ ಮಣೆ ಹಾಕಿಕೊಂಡು, ಸುತ್ತ ಬಾಳೆಎಲೆಯ ರಾಶಿ ಹರಡಿಕೊಂಡು, ಕಾಯಿಬೆಲ್ಲದ ಹೂರಣ ತುಂಬಿ ಹಬ್ಬದ ಕಡುಬು ಕಟ್ಟುತ್ತಿದ್ದರು. ಅವರು ತಲೆ ಎತ್ತಿ, "ಅಳಿಯಂದಿರೇ, ಈ ಗೋಡೆ ನಲ್ಲಿ..." ಎಂದರು.

"ಅತ್ತೆ, ನೀವು ಕಡುಬು ನೋಡಿಕೊಳ್ಳಿ. ಇದು ಎಲೆಕ್ಟ್ರಾನಿಕ್ ವ್ಯವಹಾರ!"

ಮೊದಲಿಗೆ ಮೆಷಿನ್ನಿನ ಬೆನ್ನಿಂದ ನೀರಿನ ಪೈಪು ಬಿಚ್ಚಿದೆ. ಪೈಪಿನಿಂದ ಒಂದು ಹನಿಯೂ ಬೀಳಲಿಲ್ಲ. ಪೈಪಿನ ಬಾಯಿಗೆ ಕಣ್ಣಿಟ್ಟು ನೋಡಿದೆ, ಕತ್ತಲೆ. ಅದರೊಳಗೆ ಊದಿದೆ, ಗಾಳಿ ಹೋಗದೆ ನನ್ನ ಕೆನ್ನೆಗಳೇ ಉಬ್ಬಿದವು.

"ಗೊತ್ತಾಯ್ತು! ಊರೆಲ್ಲ ಡ್ರಮ್ಮು ತುಂಬಿಸ್ತಾ ಇದೆ. ನೀರಿನ ಒತ್ತಡ ಸಾಲ್ತಾ ಇಲ್ಲ."

"ಅಡುಗೆಮನೆ ನಲ್ಲೀಲಿ ಧೋ ಅಂತ ಬರ್ತಾ ಇದೆಯಲ್ಲ, ನನ್ನ ಜ್ಞಾನಸಾಗರವೇ?"

"ಅದು ಅಡುಗೆಮನೆ ಒತ್ತಡ. ಇದು ಜಗುಲಿ ಒತ್ತಡ. ನಿನಗೆ ಅರ್ಥವಾಗಲ್ಲ ಬಿಡು."

ಓಯ್ ಕಣ್ಣು ಮುಚ್ಚಿ ಏನೋ ಮಂತ್ರ ಹೇಳಿಕೊಂಡಳು. ಅತ್ತೆ ಒಂದು ಕಡುಬು ಮಡಿಸಿ ಇಟ್ಟು, "ಅಲ್ಲಪ್ಪ, ಬೆಳಿಗ್ಗೆ ನಲ್ಲಿ ತೊಟ್ಟಿಕ್ಕಿ ನನ್ನ ಎಲೆಯೆಲ್ಲ..." ಎಂದು ಮತ್ತೆ ಶುರು ಮಾಡಿದರು.

"ಎಲೆ ಒದ್ದೆಯಾದರೆ ಒರೆಸಿಕೊಳ್ಳಿ ಅತ್ತೆ, ನಾನೀಗ ಫಿಲ್ಟರಿನ ಹಂತದಲ್ಲಿದ್ದೇನೆ!"

ಪೈಪು ಕೂಡುವ ಜಾಗದಲ್ಲಿ ಜರಡಿಯಂಥ ಪುಟ್ಟ ಫಿಲ್ಟರ್ ಇತ್ತು. ಇಕ್ಕಳದಲ್ಲಿ ಎಳೆದು ತೆಗೆದೆ. ಅದರಲ್ಲಿ ಸಾಸಿವೆಕಾಳಿನಷ್ಟು ಮರಳು! ಅದನ್ನು ಅಂಗೈಯಲ್ಲಿಟ್ಟುಕೊಂಡು ಮನೆಯವರಿಗೆಲ್ಲ ತೋರಿಸಿದೆ. ಶತ್ರುವಿನ ತಲೆ ತಂದ ಸೇನಾಪತಿಯೂ ಅಷ್ಟು ಬೀಗಿರಲಾರ. ಫಿಲ್ಟರ್ ತೊಳೆದು, ಎಲ್ಲ ಜೋಡಿಸಿ, ಪರೀಕ್ಷೆಗೆಂದು ಇನ್ನೊಂದು ಲೋಟ ಸೋಪಿನ ಪುಡಿ ಹಾಕಿ ಗುಂಡಿ ಒತ್ತಿದೆ.

ಗುರ್. ಕೀಂ ಕೀಂ.

ಮುಚ್ಚಳದ ಕೊಂಡಿ ಬಿಚ್ಚಿ ಕೂರಿಸಿದೆ. ಮತ್ತೊಂದು ಲೋಟ ಪುಡಿ. ಕೀಂ ಕೀಂ. ಮೆಷಿನ್ನು ಮಟ್ಟಸವಾಗಿ ನಿಂತಿಲ್ಲವೆಂದು ಕಾಲಡಿಗೆ ರಟ್ಟು ಕೊಟ್ಟೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತೀರಾ? ಅನ್ನಿ. ಮತ್ತೊಂದು ಲೋಟ ಪುಡಿ. ಕೀಂ ಕೀಂ! ಸಿಟ್ಟಿಗೆ ಸ್ಪ್ಯಾನರ್ ಜಾರಿ ಹೆಬ್ಬೆರಳ ಮೇಲೆ ಬಿತ್ತು. ಬಾಯಿಗೆ ಬಂದ ಮಾತು ನಾಲಿಗೆಯ ತುದಿಗೇ ಬಂದಿತ್ತು. ಅಷ್ಟರಲ್ಲಿ ವನ್‌ನಾವ್ ನೆನಪಾಯಿತು, ಕಟ್ಟು ನನಗೂ ಉಂಟಷ್ಟೆ!

"ಅಯ್ಯೋ... ನನ್ನ ಮುದ್ದು ಸ್ಪ್ಯಾನರೇ... ನೂರು ವರ್ಷ ಬಾಳು!" ಎಂದು ಕಿರುಚಿದೆ.

ಓಯ್ ಅಂಗೈಯನ್ನು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಅವಳು ಅಳುತ್ತಿದ್ದಾಳೆಂದೇ ನಾನು ತಿಳಿದೆ, ಪಾಪ.

ಅತ್ತೆ ಮೂರನೆಯ ಸಲ "ಅಳಿಯಂದಿರೇ, ನಲ್ಲಿ" ಎಂದರು. ನಾನು ಕೈ ಎತ್ತಿ ತಡೆದೆ. ಅವರು ನಿಟ್ಟುಸಿರು ಬಿಟ್ಟು, "ಇನ್ನೂ ಹೇಳಿದ್ರೆ ಜಗಳ ಆಗುತ್ತೆ. ಇವತ್ತು ಬೇಡ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಎಲೆ ಒರೆಸತೊಡಗಿದರು. ಎಂಥ ಸಂಭಾವಿತ ಹೆಂಗಸು!

ಆಗಲೇ ನನ್ನ ತಲೆಯಲ್ಲಿ ದೀಪ ಹತ್ತಿದ್ದು. ಮೆಷಿನ್ನು ನೀರಿನ ಹತ್ತಿರ ಹೋಗಲಿ! ಬೀದಿಯಲ್ಲಿ ಸಾವಿರ ಜನ ಯಾರ ಮೇಲೆ ಸುರಿಯೋಣವೆಂದು ನೀರು ಹಿಡಿದು ಕಾಯುತ್ತಿರುವಾಗ ನಾನೇಕೆ ಒಂದು ಪೈಪಿನ ಮುಂದೆ ಗೋಗರೆಯಲಿ?

ಪೈಪನ್ನು ಜಗುಲಿಯಲ್ಲೇ ಬಿಚ್ಚಿ ಬಿಸಾಕಿ, ಚಕ್ರದ ಸ್ಟ್ಯಾಂಡಿನ ಮೇಲಿದ್ದ ಮೆಷಿನ್ನನ್ನು ಮನೆಯೊಳಗಿಂದ ದಡದಡ ತಳ್ಳಿಕೊಂಡು ಮುಂಬಾಗಿಲ ಗೇಟಿಗೆ ತಂದೆ. ಮುಚ್ಚಳ ತೆಗೆದು ಕೂಗಿದೆ: "ಬನ್ರಪ್ಪೋ ಬನ್ನಿ! ಹೊಸವರ್ಷದ ಶುಭಾಶಯ! ನಮ್ಮ ಮೆಷಿನ್ನಿಗೆ ನೀರೆರೆದು ಪುಣ್ಯ ಕಟ್ಟಿಕೊಳ್ಳಿ!"

ಅಬ್ಬಬ್ಬಾ! ಮನುಷ್ಯರ ಮೇಲೆ ಸುರಿದು ಸುರಿದು ಬೇಸತ್ತಿದ್ದ ಜನ ನುಗ್ಗಿದ ರಭಸವೇ! ಪಕ್ಕದ ಮನೆಯ ಬೂನ್ ತನ್ನ ಪಿಕಪ್ಪನ್ನೇ ಗೇಟಿಗೆ ತಾಗಿಸಿ ನಿಲ್ಲಿಸಿ ಡ್ರಮ್ಮು ಬಗ್ಗಿಸಿದ. ಮುದುಕರು ತಂಬಿಗೆಯಲ್ಲಿ, ಮಕ್ಕಳು ಪಿಚಕಾರಿಯಲ್ಲಿ, ಯಾರೋ ಪುಣ್ಯಾತ್ಮರು ಐಸ್ ಗಡ್ಡೆ ಸಮೇತ ಬಕೆಟ್ಟಿನಲ್ಲಿ ಸುರಿದರು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮೆಷಿನ್ನು ತುಂಬಿ ತುಳುಕಿತು.

"ತುಯ್ ಅಣ್ಣ, ನಿನ್ನ ತಲೆಯೇ ತಲೆ!" ಎಂದ ಬೂನ್. ನಾನು ತಲೆ ಎತ್ತಿದೆ.

ನಾಲ್ಕು ಜನ ಸೇರಿ ಮೆಷಿನ್ನನ್ನು ನೀರು ಸಿಡಿಯದ ಕಾರ್ ಶೆಡ್ಡಿನ ಮೂಲೆಗೆ ತಳ್ಳಿದರು. ಕೈ ಒರೆಸಿಕೊಂಡು ಪ್ಲಗ್ ಹಾಕಿ ಗುಂಡಿ ಒತ್ತಿದೆ. ಗುರ್ ಗುರ್ ಗುರ್! ತಿರುಗಿತು! ಬೀದಿಯೇ ಚಪ್ಪಾಳೆ ತಟ್ಟಿತು. ನನ್ನ ಕಣ್ಣಲ್ಲಿ ನೀರು ಬಂತು, ಅದೂ ಅವತ್ತು ಉಚಿತವೇ.

ಆದರೆ ಪರೀಕ್ಷೆಗೊಂದರಂತೆ ನಾನು ಸುರಿದಿದ್ದ ಸೋಪಿನ ಪುಡಿ ಎಲ್ಲಿ ಹೋಗಬೇಕು? ಮುಚ್ಚಳದ ಸಂದಿನಿಂದ ಮೊದಲು ಒಂದು ಬಿಳಿ ನಾಲಿಗೆ ಹೊರಬಂತು. ಆಮೇಲೆ ನೊರೆ, ನೊರೆಯ ಮೇಲೆ ನೊರೆ! ಕೊಳೆ ನೀರಿನ ಪೈಪು ಬುಸ್ಸೆಂದು ಬೀದಿಗೆ ಬಿಟ್ಟಿದ್ದೂ ನೊರೆಯೇ. ಮೊಣಕಾಲುದ್ದ ನೊರೆಯಲ್ಲಿ ಬೀದಿ ಮುಳುಗಿತು. "ನೊರೆ ಹಬ್ಬ! ತುಯ್ ಅಣ್ಣನ ಮನೆ ಮುಂದೆ ನೊರೆ ಹಬ್ಬ!" ಎಂದು ಪಕ್ಕದ ಬೀದಿಯವರೂ ಬಂದರು. ಯಾರೋ ಸ್ಪೀಕರ್ ತಂದರು. ಕುಣಿತ ಶುರುವಾಯಿತು. ನನ್ನನ್ನು ಹೆಗಲ ಮೇಲೆ ಎತ್ತಿದರು! ಮುನಿಸಿಪಾಲಿಟಿಯವರು ಹಾಕಿಸಿದ್ದ ವೇದಿಕೆ ಮೂಲೆಯಲ್ಲಿ ಖಾಲಿ ಹೊಡೆಯುತ್ತಿತ್ತು.

ಓಯ್ ಬಾಗಿಲಲ್ಲಿ ನಿಂತಿದ್ದಳು. ಮುಖ ಕೆಂಪು, ಕುತ್ತಿಗೆಯ ನರ ಉಬ್ಬಿದೆ, ತುಟಿಯಲ್ಲಿ ಮಾತ್ರ ನಗು.

"ನನ್ನ... ಪ್ರೀತಿಯ... ಯಜಮಾನರೇ. ಬಟ್ಟೆ... ಜಾಲಿಸೋದಕ್ಕೆ... ನೀರು?"

"ಮತ್ತೆ ತುಂಬಿಸಿದರಾಯ್ತು! ಬನ್ರಪ್ಪೋ!"

ಈ ಸಲ ಹಿರಿಯರು ಮುಂದೆ ಬಂದರು. ಎದುರುಮನೆಯ ಅಜ್ಜಿ ದೇವಸ್ಥಾನಕ್ಕೆಂದು ಕಾಯಿಸಿಟ್ಟಿದ್ದ ಸೀಗೆಕಾಯಿ ಅರಿಸಿನದ ನೀರನ್ನು ದೊಡ್ಡ ಬೆಳ್ಳಿ ಬಟ್ಟಲಲ್ಲಿ ತಂದು, "ಬಟ್ಟೆಗೂ ಪುಣ್ಯ ಬರ್ಲಿ ಮಗಾ" ಎಂದು ಪೂರ್ತಿ ಸುರಿದರು. ಅವರನ್ನು ನೋಡಿ ಬೀದಿಯ ಅಜ್ಜಿಯರೆಲ್ಲ ತಂತಮ್ಮ ಬಟ್ಟಲು ತಂದರು. ಬೇಡವೆನ್ನಲು ನಾನು ಯಾರು?

ಬಟ್ಟೆ ತೆಗೆದಾಗ ಪರಿಮಳ ಏನು ಕೇಳುತ್ತೀರಿ! ಅತ್ತೆಯ ಹಾಲಿನಂಥ ರವಿಕೆ ಮಾತ್ರ ಮದುವಣಗಿತ್ತಿಯ ಕೆನ್ನೆಯಷ್ಟು ಹಳದಿಯಾಗಿತ್ತು.

ಅದನ್ನು ಎರಡು ಕೈಯಲ್ಲಿ ಹಿಡಿದು, ಬೀದಿಯ ಜಯಕಾರದ ನಡುವೆ ಹಿತ್ತಿಲಿಗೆ ಹೋದೆ. "ನೋಡಿ ಅತ್ತೆ, ತೊಳೆದು ತಂದೆ!"

ಅತ್ತೆ ರವಿಕೆ ನೋಡಿದರು. ನನ್ನನ್ನು ನೋಡಿದರು. ಕೊನೆಯ ಕಡುಬನ್ನು ಮಡಿಸಿ, ಕೈ ಒರೆಸಿಕೊಂಡು, ಬಾಳೆಎಲೆಯ ರಾಶಿಯನ್ನು ಪಕ್ಕಕ್ಕೆ ಸರಿಸಿದರು. ಅದರ ಹಿಂದೆ ಗೋಡೆಯಲ್ಲಿ ಒಂದು ನಲ್ಲಿ! ಆ ನಲ್ಲಿಗೇ ನಮ್ಮ ಮೆಷಿನ್ನಿನ ಪೈಪು!

"ಎಲೆ ಮೇಲೆ ತೊಟ್ಟಿಕ್ತಿತ್ತು ಅಂತ ಬೆಳಿಗ್ಗೆ ನಾನೇ ಮುಚ್ಚಿದ್ದೆ. ನನ್ನ ಕಡುಬಿನ ಕೆಲಸ ಮುಗೀತು. ಈಗ ಬಿಡ್ಲಾ ಅಪ್ಪ?" ಎಂದು ತಿರುಗಿಸಿಯೇಬಿಟ್ಟರು.

ನಾನು ಬಿಸಾಕಿದ್ದ ಪೈಪು ಹಾವಿನಂತೆ ಎದ್ದು ನನ್ನ ಮುಖಕ್ಕೇ ಹೊಡೆಯಿತು. ಅವತ್ತು ಇಡೀ ಊರಿನಲ್ಲಿ ಅಷ್ಟು ಒತ್ತಡದ ನೀರು ಯಾರಿಗೂ ಬಿದ್ದಿರಲಿಕ್ಕಿಲ್ಲ.

ಓಯ್ ನನ್ನ ಹತ್ತಿರ ಬಂದಳು. ಬಾಯಿ ತೆರೆದಳು. ಮುಚ್ಚಿದಳು. ಮತ್ತೆ ತೆರೆದಳು. ಕೊನೆಗೆ "ಟವೆಲ್ ಕೊಡ್ಲಾ?" ಎಂದಳು. ಆ ಎರಡು ಮಾತಿನ ಹಿಂದೆ ಎಂಥ ಅಣೆಕಟ್ಟು ನಿಂತಿತ್ತೆಂದು ನನಗೆ ಗೊತ್ತಿತ್ತು. ಆದರೂ ನಾನು ಗೆದ್ದವನೇ. ಬಟ್ಟೆ ತೊಳೆದಾಗಿದೆ, ಬೀದಿ ಜೈ ಅಂದಿದೆ, ಬೈಗುಳವಿಲ್ಲ!

ಮರುದಿನ ಬೆಳಗಾಗುತ್ತಲೇ ಓಯ್ ಸೊಂಟಕ್ಕೆ ಕೈಯಿಟ್ಟು ನನ್ನೆದುರು ನಿಂತಳು. ಅಷ್ಟರಲ್ಲಿ ಒಳಗಿಂದ ಅತ್ತೆಯ ದನಿ: "ಓಯ್, ಇವತ್ತು ವರ್ಷದ ದೊಡ್ಡ ದಿನ ಕಣೇ. ಗಂಡನ್ನ ಬೈಬೇಡ!" ಆಹಾ! ನನ್ನ ಅದೃಷ್ಟಕ್ಕೆ ನಾನೇ ಕೈ ಮುಗಿದೆ.

ಬಳಗವೆಲ್ಲ ಬಂದು ಸೇರಿತು. ಅತ್ತೆ ಅರಿಸಿನದ ಬಣ್ಣದ ರವಿಕೆ ತೊಟ್ಟು ಚಾಪೆಯ ಮೇಲೆ ಕೂತಿದ್ದರು. "ಎಷ್ಟು ಚಂದದ ಬಣ್ಣ! ಎಲ್ಲಿ ಹಾಕಿಸಿದ್ರಿ ಅಮ್ಮ?" ಎಂದ ಸುಥಿನ್. "ಮನೇಲೇ" ಎಂದರು ಅತ್ತೆ. ಅವನು ನೀರೆರೆದ. ಅತ್ತೆ "ಚೆನ್ನಾಗಿರಪ್ಪ" ಎಂದು ಮುಗಿಸಿಬಿಟ್ಟರು. ಒಂದೇ ಮಾತು! ನನ್ನ ಎದೆ ಹಿಗ್ಗಿತು. ಉಳಿದ ಆಶೀರ್ವಾದವೆಲ್ಲ ಯಾರಿಗಾಗಿ ಎತ್ತಿಟ್ಟಿದ್ದಾರೆಂದು ಹೇಳಬೇಕೆ?

ನಾನು ಮಂಡಿಯೂರಿ ಅವರ ಅಂಗೈಗೆ ನೀರೆರೆದು, "ತಿಳಿದೋ ತಿಳಿಯದೆಯೋ ಮಾಡಿದ ತಪ್ಪನ್ನು ಮನ್ನಿಸಿ ಅತ್ತೆ" ಎಂದು ಕೈ ಮುಗಿದು ತಲೆ ಬಾಗಿಸಿದೆ. ಹಿರಿಯರು ಹರಸುವಾಗ ಏಳುವಂತಿಲ್ಲ, ಎದುರು ಮಾತಾಡುವಂತಿಲ್ಲ, ಒಂದೊಂದು ಹಾರೈಕೆಗೂ "ಸಾಧು" ಎನ್ನಬೇಕು. ಅತ್ತೆ ತಮ್ಮ ತೇವದ ಕೈಯನ್ನು ನನ್ನ ತಲೆಯ ಮೇಲಿಟ್ಟರು.

"ಈ ವರ್ಷ ನನ್ನ ಅಳಿಯನ ಕಣ್ಣಿಗೆ ಮೂಗಿನ ಮುಂದೆ ಇರೋದು ಕಾಣಿಸ್ಲಿ."

"ಸಾಧು!" ಎಂದಿತು ಬಳಗ. ನಾನೂ ಅಂದೆ.

"ನಲ್ಲಿ ಅಂತ ಇದ್ರೆ ಮೊದಲು ಅದನ್ನ ತಿರುಗಿಸಿ ನೋಡೋ ಬುದ್ಧಿ ಬರ್ಲಿ."

"ಸಾಧು!"

"ಮುದುಕಿ ಮೂರು ಸಲ ಹೇಳಿದ್ರೆ ಒಂದು ಸಲವಾದ್ರೂ ಕಿವಿಗೆ ಬೀಳ್ಲಿ."

"ಸಾಧು! ಸಾಧು!" ಎಂದು ಸುಥಿನ್ ಎರಡು ಸಲ ಅಂದ. ಅವನ ಹೊಟ್ಟೆ ಕುಣಿಯುತ್ತಿತ್ತು.

"ಅವನ ಕೈಗೆ ಸಿಕ್ಕಿದ ಯಂತ್ರಗಳಿಗೆಲ್ಲ ದೀರ್ಘಾಯುಸ್ಸು ಕೊಡಪ್ಪ ಬುದ್ಧ ಭಗವಂತಾ."

"ಸಾಧು!"

ನನ್ನ ಮುಖ ಚಾಪೆಗೆ ತಾಗುವಷ್ಟು ಬಾಗಿತ್ತು. ಏನೇ ಹೇಳಿ, ನಮ್ಮ ಬಳಗದಲ್ಲಿ ಇಷ್ಟುದ್ದದ ಆಶೀರ್ವಾದ ಯಾವ ಅಳಿಯನಿಗೂ ಸಿಕ್ಕಿರಲಿಲ್ಲ! ಅಂತೂ ಮುಗಿಯಿತೆಂದು ಮೆಲ್ಲನೆ ತಲೆ ಎತ್ತಿದೆ. ಪಕ್ಕದಲ್ಲಿ ಓಯ್ ಕೈ ಮುಗಿದು ಕೂತಿದ್ದಳು. ಕಬ್ಬಿನ ಹಾಲಿನಂಥ ದನಿಯಲ್ಲಿ ಅವಳು ಹೇಳಿದಳು:

"ಅಮ್ಮಾ, ಇನ್ನೂ ಎರಡು ಸಲ ಹೇಳಿಬಿಡಮ್ಮ. ನಮ್ಮೆಜಮಾನರಿಗೆ ಒಂದೇ ಸಲಕ್ಕೆ ಕೇಳಿಸಲ್ಲ."

ಅತ್ತೆ ಗಂಟಲು ಸರಿಮಾಡಿಕೊಂಡು ಮೊದಲಿನಿಂದ ಶುರು ಮಾಡಿದರು.