ಎಡಗಲ್ಲದ ಮಚ್ಚೆ

ಈ ಕತೆ ಹೇಳಲು ಹೊರಟದ್ದಕ್ಕೆ ಓದುವವರು ನನ್ನನ್ನು ಕ್ಷಮಿಸಬೇಕು. ಚಿತ್ರ ಬರೆಯುವವರ ಬಗ್ಗೆ ಬರೆಯುವವನಿಗೆ ನೆಟ್ಟಗೆ ಒಂದು ಗೆರೆಯಾದರೂ ಎಳೆಯಲು ಬರಬೇಕು. ನನಗೆ ಅದೂ ಬಾರದು. ಆದರೆ ಆ ಸೋಮವಾರ ಗುಡಗೇರಿಯಲ್ಲಿ ನಡೆದದ್ದನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಿದ್ದಾರೆ. ಹೀಗಾಗಿ ಮೂವರನ್ನು ಬೇರೆ ಬೇರೆ ಕೇಳಿ, ಮೂವರ ಮಾತೂ ಹೊಂದಿದಷ್ಟನ್ನೇ ಇಲ್ಲಿ ಇಟ್ಟಿದ್ದೇನೆ.

ಫಕೀರೇಶ ಇಪ್ಪತ್ತೆರಡು ವರ್ಷಗಳಿಂದ ಹುಬ್ಬಳ್ಳಿಯ ಒಂದು ದಿನಪತ್ರಿಕೆಗೆ ರಾಜಕೀಯ ವ್ಯಂಗ್ಯಚಿತ್ರ ಬರೆಯುತ್ತಿದ್ದ. ಮುಖಪುಟದ ಬಲಮೂಲೆಯಲ್ಲಿ ಅವನದೊಂದು ಚೌಕ. ಮೊದಲೆಲ್ಲ ಚಿತ್ರವನ್ನು ಲಕೋಟೆಗೆ ಹಾಕಿ ರೈಲಿನಲ್ಲಿ ಹೋಗುವವರ ಕೈಗೆ ಕೊಡುತ್ತಿದ್ದ, ಈಗ ಮೊಬೈಲಿನಲ್ಲಿ ಕಳಿಸುತ್ತಾನೆ. ಸರಕಾರಗಳು ಬಂದವು, ಬಿದ್ದವು, ಚೌಕ ಉಳಿದಿತ್ತು. ಈಚೆಗೆ ಅದಕ್ಕೂ ಕುತ್ತು ಬಂದಿತ್ತು. ಅವನು ಬರೆದ ಎಮ್ಮೆ ತನ್ನ ಎಮ್ಮೆಯೇ ಎಂದು ಒಬ್ಬ, ಬರೆದ ಕೊಡೆ ತನ್ನ ಕೊಡೆಯೇ ಎಂದು ಇನ್ನೊಬ್ಬ ಪತ್ರಿಕೆಗೆ ತಕರಾರು ಕೊಟ್ಟಿದ್ದರು. ಭಾನುವಾರ ಸಂಪಾದಕಿ ಸುನೀತಾ ಮೇಡಂ ಫೋನಿನಲ್ಲಿ ಸಮಾಧಾನದಿಂದಲೇ ಹೇಳಿದ್ದರು: "ಫಕೀರೇಶ ಅವರ, ಇನ್ನೊಂದು ತಕರಾರು ಬಂತಂದ್ರ ಚೌಕ ಬಂದ್ ಮಾಡಬೇಕಾಗ್ತೈತ್ರಿ."

ಸೋಮವಾರ ಬೆಳಿಗ್ಗೆ ಅವನು ಬಾಯಲ್ಲಿ ಬ್ರಶ್ ಇಟ್ಟುಕೊಂಡು ಅಂಗಳಕ್ಕೆ ಬಂದಾಗ, ಪಕ್ಕದ ಮನೆಯ ಜರೀನಾಬಿ ಗೋಡೆಯ ಮೇಲಿಂದ ಪೇಪರು ಬೀಸಿದಳು.

"ಕೊನಿಗೂ ಶಿದ್ಲಿಂಗಪ್ಪನ್ನ ಹಿಡದ್ರಲ್ರಿ ಭಾಯಿ! ಎಡಗಲ್ಲದ ಮಚ್ಚಿ ಸುದ್ದಾ ಬಿಟ್ಟಿಲ್ಲ."

ಫಕೀರೇಶ ಪೇಸ್ಟ್ ನುಂಗಿಬಿಟ್ಟ. ಅಂದಿನ ಚಿತ್ರದಲ್ಲಿ ಒಬ್ಬ ನಾಯಕ ಒಂದೇ ರಸ್ತೆಗೆ ಐದನೇ ಸಲ ಭೂಮಿಪೂಜೆ ಮಾಡುತ್ತಿದ್ದ. ಗುದ್ದಲಿ ಹಾಕಿ ಹಾಕಿ ತೆಗ್ಗು ಬಾವಿಯಷ್ಟಾಗಿತ್ತು. ಒಳಗಿಂದ ಅವನು ಹಲ್ಲು ಕಿರಿದು, "ಏಣಿಗೂ ಟೆಂಡರ್ ಕರೆದಿದ್ದೇವೆ" ಎನ್ನುತ್ತಿದ್ದ. ಪಂಚಾಯಿತಿಯ ಮಾಜಿ ಅಧ್ಯಕ್ಷ ಶಿದ್ಲಿಂಗಪ್ಪನೂ ಸ್ಟೇಶನ್ ರಸ್ತೆಗೆ ಎರಡು ಸಲ ಪೂಜೆ ಮಾಡಿಸಿದ್ದ.

"ಅಂವ ಯಾರೂ ಅಲ್ರಿ. ಸುಮ್ನ ಒಬ್ಬ ಲೀಡರ್."

"ಸುಮ್ನ ಒಬ್ಬ ಲೀಡರಗ ಮಚ್ಚಿ ಯಾಕ್ರಿ? ದಿನಾ ಬಾಗಲಾ ಹಾಕ್ಕೊಂಡು ಒಳಗ ಯಾರಿಗೆ ಬೈತೀರಿ, ಯಾರನ್ನ ನೋಡಿ ನಗತೀರಿ? ನಮಗ ಕೇಳೂದಿಲ್ಲೇನು? ಅವನ ಫೋಟೋ ಮುಂದಿಟ್ಕೊಂಡು ಬೈತೀರಂತ ಇವತ್ತ ಗೊತ್ತಾತು."

"ನನಗೂ ಬಾಗಲಾ ತಗಿಯೂದಿಲ್ಲವ್ವಾ," ಎಂದಳು ಹೆಂಡತಿ ಸುಧಾರಾಣಿ ಅಡುಗೆಮನೆಯಿಂದ. "ಇದ್ದೊಂದು ಕನ್ನಡಿನೂ ಅದ ಖೋಲ್ಯಾಗ ಇಟ್ಕೊಂಡಾರ. ಮದುವಿ ಆದಾಗಿಂದ ಸ್ಟೀಲ್ ತಾಟಿನಾಗ ನೋಡಿ ಕುಂಕುಮ ಹಚ್ಚಿಗೋತೀನಿ."

ಶಿದ್ಲಿಂಗಪ್ಪ ಪೇಪರು ನೋಡುವ ಮೊದಲೇ ಊರಿನ ಪೇಪರುಗಳನ್ನೆಲ್ಲ ಮಾಯ ಮಾಡಬೇಕೆಂದು ಫಕೀರೇಶ ಸ್ಟೇಶನ್ನಿಗೆ ಓಡಿದ.

"ಎಷ್ಟ ಉಳದಾವು ಮಜೀದ ಕಾಕಾ?"

"ಹದಿನಾರು."

"ಎಲ್ಲಾ ಕೊಡ್ರಿ."

ಪೇಪರ್ ಏಜೆಂಟ್ ಅಬ್ದುಲಮಜೀದ ಮೂವತ್ತು ವರ್ಷದಲ್ಲಿ ಒಬ್ಬನಿಗೇ ಎರಡು ಪೇಪರು ಮಾರಿದವನಲ್ಲ. ಕನ್ನಡಕ ಏರಿಸಿ ಫಕೀರೇಶನನ್ನು ನೋಡಿದ, ಪೇಪರನ್ನು ನೋಡಿದ. "ಹದಿನಾರೂ? ಅಂಥಾದ್ದೇನೈತಿ ಇದರಾಗ?" ಎಂದು ಚಿತ್ರದ ಫೋಟೋ ಹೊಡೆದುಕೊಂಡ ಮೇಲೆಯೇ ಕಟ್ಟು ಕೊಟ್ಟ. ಫಕೀರೇಶ ಸ್ಟೇಶನ್ ದಾಟುವುದರೊಳಗೆ ಅದು ಅರ್ಧ ಊರಿನ ಮೊಬೈಲಿನಲ್ಲಿತ್ತು.

ಕದ್ದ ಕೋಳಿಯನ್ನು ಅಡಗಿಸಿದವನಂತೆ ಪೇಪರಿನ ಕಟ್ಟನ್ನು ಕಂಕುಳಲ್ಲಿ ಒತ್ತಿಕೊಂಡು ಹೋಗುತ್ತಿದ್ದವನನ್ನು ಕ್ಷೌರದಂಗಡಿಯ ರಮಜಾನ್ ಕೂಗಿ ಕರೆದ.

"ಫಕೀರೇಶಣ್ಣಾ, ಬಾ ಒಳಗ. ಅಧ್ಯಕ್ಷರು ಕರಿಯಾಕತ್ತಾರ."

ಕುರ್ಚಿಯಲ್ಲಿ ಶಿದ್ಲಿಂಗಪ್ಪ ಮುಖದ ತುಂಬ ನೊರೆ ಹಚ್ಚಿಕೊಂಡು ಕುಳಿತಿದ್ದ. ಎಡಗಲ್ಲದ ಮಚ್ಚೆ ಮಾತ್ರ ಮೊಸರಿನಲ್ಲಿ ಬಿದ್ದ ಮೆಣಸಿನ ಕಾಳಿನಂತೆ ಎದ್ದು ಕಾಣುತ್ತಿತ್ತು. ಕೈಯಲ್ಲಿ ಮೊಬೈಲು. ಬೆಂಚಿನ ಮೇಲೆ ಐದಾರು ಜನ, ಒಬ್ಬರಿಗೂ ಕ್ಷೌರ ಬೇಕಿರಲಿಲ್ಲ.

"ಕಂಕುಳಾಗೇನು?"

"ಹಳೇ ಪೇಪರ್ರಿ..."

"ಇವತ್ತಿನ ಹಳೇ ಪೇಪರೇನು? ಏ ಫಕೀರಾ, ಯಾರ ಹೇಳಿ ತಗಸ್ಯಾರ ಇದನ್ನ? ಮುಂದಿನ ತಿಂಗಳ ಇಲೆಕ್ಷನ್. ಈಗ ಹಚ್ಚತೀನಿ ನೋಡ ನಿಮ್ಮ ಪೇಪರಿಗೆ ಫೋನು."

ಫಕೀರೇಶನಿಗೆ ಕಣ್ಣೆದುರೇ ಚೌಕ ಮುಚ್ಚಿಹೋದಂತೆ ಕಂಡಿತು. ಇಪ್ಪತ್ತೆರಡು ವರ್ಷ ಹೆಂಡತಿಗೂ ಹೇಳದ ಗುಟ್ಟು ಬಾಯಿಂದ ಜಾರಿತು.

"ಆ ಮಚ್ಚಿ ನನ್ನದ್ರಿ!"

ಯಾವ ನಾಯಕನನ್ನು ಬರೆಯಬೇಕಾದರೂ ಅವನು ಬಾಗಿಲು ಹಾಕಿ ಕನ್ನಡಿಯ ಮುಂದೆ ಕೂರುತ್ತಿದ್ದ. ತಾನೇ ಗದರುತ್ತಿದ್ದ, ತಾನೇ ಹಲ್ಲು ಕಿರಿಯುತ್ತಿದ್ದ, ಕಂಡದ್ದನ್ನು ಕಾಗದಕ್ಕೆ ಇಳಿಸಿ ಗಲ್ಲ ಉಬ್ಬಿಸುತ್ತಿದ್ದ. ಮಚ್ಚೆಯನ್ನು ಮಾತ್ರ ಬಿಟ್ಟುಬಿಡುತ್ತಿದ್ದ, ಭಾನುವಾರದ ಫೋನಿನ ಗಡಿಬಿಡಿಯಲ್ಲಿ ಅದೂ ಚಿತ್ರಕ್ಕೆ ಇಳಿದುಬಿಟ್ಟಿತ್ತು.

"ಸುಳ್ಳ ಹೇಳಬ್ಯಾಡ. ನಿನ್ನ ಮಚ್ಚಿ ಬಲಗಡೆ ಐತಿ."

"ಕನ್ನಡ್ಯಾಗ ನೋಡಿ ತಗದ್ರ ಚಿತ್ರದಾಗ ಎಡಕ್ಕ ಬೀಳತೈತ್ರಿ. ರಮಜಾನ್, ಆ ಪೇಪರ್ ಕನ್ನಡೀಗೆ ಹಚ್ಚೋ."

ರಮಜಾನ್ ನೊರೆಯನ್ನೇ ಅಂಟು ಮಾಡಿ ಪೇಪರನ್ನು ಕನ್ನಡಿಗೆ ಅಂಟಿಸಿದ. ಫಕೀರೇಶ ಅದರ ಪಕ್ಕದಲ್ಲಿ ಮುಖ ತೋರಿಸಿ, ಗಾಳಿ ತುಂಬಿ ಗಲ್ಲ ಉಬ್ಬಿಸಿ, ಹಲ್ಲು ಕಿರಿದ. ಅದೇ ಹಲ್ಲು, ಅದೇ ಕಣ್ಣು, ಅದೇ ಜಾಗದಲ್ಲಿ ಅದೇ ಮಚ್ಚೆ.  ಕುಳಿತವರೆಲ್ಲ ಬೆಂಚು ಅಲುಗಾಡುವಂತೆ ನಕ್ಕರು. ಎಲ್ಲರಿಗಿಂತ ಜೋರಾಗಿ ಶಿದ್ಲಿಂಗಪ್ಪ ನಕ್ಕ, ನೊರೆ ಅಂಗಡಿಯ ತುಂಬ ಹಾರಿತು.

"ಏ, ಎಲ್ಲಾರಿಗೂ ಚಾ ಹೇಳ್ರಿ! ಮ್ಯಾಲ ಮಿರ್ಚಿ ಭಜಿ!"

ಫಕೀರೇಶ ಸಂತೋಷಕ್ಕೆ ಅಲ್ಲಿಂದಲೇ ಹೆಂಡತಿಗೆ ಫೋನ್ ಹಚ್ಚಿದ. "ಚೌಕ ಉಳೀತು ಸುಧಾ! ಅದು ನನ್ನ ಮಾರೀನ ಅಂತ ಎಲ್ಲಾರೂ ಒಪ್ಪಿದ್ರು!" ಎಂದು ಕೂಗಿ, ಕಟ್ ಮಾಡುವುದನ್ನು ಮರೆತು ಮೊಬೈಲನ್ನು ಕಿಸೆಗೆ ಹಾಕಿಕೊಂಡ.

ಚಹಾ ಬಂತು. ಶಿದ್ಲಿಂಗಪ್ಪ ಒಂದು ಗುಟುಕು ಕುಡಿದವನು ಅಲ್ಲಿಗೇ ನಿಲ್ಲಿಸಿದ. ನಗು ಮುಖದಿಂದ ನಿಧಾನಕ್ಕೆ ಇಳಿಯಿತು.

"ಅಲ್ಲೋ ಫಕೀರಾ. ಇಪ್ಪತ್ತೆರಡು ವರ್ಷ, ದಿನಾ, ಮುಖಪುಟದಾಗ, ನಿನ್ನ ಮಾರಿ?"

"ಹೌದ್ರಿ..."

"ನಾವು ಬ್ಯಾನರ್ ಕಟ್ಟಿದ್ರ ಎರಡ ದಿನಕ್ಕ ಕಿತ್ತ ಒಗೀತಾರ. ನೀ ಮನಿಮನಿಗೆ ಮಾರಿ ಮುಟ್ಟಿಸಾಕತ್ತಿ. ಇಲೆಕ್ಷನ್‌ಗೆ ನಿಲ್ಲಾಂವೇನು?"

"ಅಯ್ಯೋ, ನಾನ್ಯಾಕ ನಿಲ್ಲಲ್ರಿ!"

"ಅಗದಿ ಹಿಂಗ ಅಂದಿದ್ದೆ ನಾನೂ, ಮೊದಲನೇ ಸಲ ನಿಲ್ಲೂ ಮುಂದ."

ಬೆಂಚಿನ ಮೇಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರಮಜಾನ್ ಕತ್ತಿ ಹಿಡಿದಲ್ಲೇ ಹಿಡಿದಿದ್ದ. ಶಿದ್ಲಿಂಗಪ್ಪ ಮುಖ ಒರೆಸಿಕೊಳ್ಳಲು ಟವೆಲ್ ಕೇಳಿದ. ಚಹಾ ಹಿಡಿಯುವಾಗ ಅವನು ಕನ್ನಡಿಯ ಮುಂದಿಟ್ಟ ಮೊಬೈಲು ಇನ್ನೂ ಅಲ್ಲೇ ಬಿದ್ದಿತ್ತು. ಅಷ್ಟರಲ್ಲಿ, ಆ ಕಡೆಯಿಂದ ಯಾವಾಗಲೋ ಕಟ್ ಆಗಿದ್ದ ಫೋನ್ ಫಕೀರೇಶನ ಕಿಸೆಯಲ್ಲಿ ರಿಂಗಾಯಿತು.

"ಫಕೀರೇಶ ಅವರ," ಎಂದರು ಸುನೀತಾ ಮೇಡಂ, "ತಕರಾರು ಬಂದೈತಿ. ಚೌಕದಾಗ ಬರೂದು ನಿಮ್ಮ ಮಾರೀನ ಅಂತ ನೀವ ಒಪ್ಪಿಗೊಂಡೀರಂತ. ಇಲೆಕ್ಷನ್‌ಗೆ ನಿಲ್ಲಾಂವರ ಮಾರಿ ನಾವು ದಿನಾ ಹಾಕಾಕ ಬರೂದಿಲ್ರಿ."

"ನಾ ನಿಲ್ಲಂಗಿಲ್ರಿ ಮೇಡಂ!"

"ಎಲ್ಲಾರೂ ಮೊದಲ ಹಂಗ ಅಂತಾರ್ರಿ. ಚೌಕ ಇವತ್ತಿಂದ ಬಂದ್."

ಫಕೀರೇಶ ಮನೆಗೆ ಬಂದಾಗ ಕಟ್ಟೆಯ ಮೇಲೆ ಓಣಿಯ ಹೆಂಗಸರು ಖಾಲಿ ಕೊಡ ಇಟ್ಟುಕೊಂಡು ಕುಳಿತಿದ್ದರು. ನಡುವೆ ಜರೀನಾಬಿ. "ಭಾಯಿ, ನಮ್ಮ ಓಣಿ ನಳಕ್ಕ ನೀರು ಬರಂಗ ಮಾಡ್ರಿ, ವೋಟು ನಿಮಗ." ಒಳಗೆ ಅವನ ಖೋಲಿಯ ಬಾಗಿಲು ತೆರೆದಿತ್ತು. ಕನ್ನಡಿ ನಡುಮನೆಯ ಗೋಡೆಗೆ ಬಂದಿತ್ತು. ಅದರ ಮುಂದೆ ಸುಧಾರಾಣಿ ಆರಾಮಾಗಿ ನಿಂತು ಕುಂಕುಮ ಹಚ್ಚಿಕೊಳ್ಳುತ್ತಿದ್ದಳು.

ಶಿದ್ಲಿಂಗಪ್ಪ ಟವೆಲ್ ಮುಟ್ಟುವ ಮೊದಲೇ ಪತ್ರಿಕೆಗೆ ಫೋನ್ ಮಾಡಿದವರು ಯಾರೆಂದು ನಾನು ಎಲ್ಲರನ್ನೂ ಕೇಳಿದೆ. ಹೆಣ್ಣುದನಿ ಎಂದಷ್ಟೇ ಸುನೀತಾ ಮೇಡಂ ಹೇಳಿದರು. "ನಾನಂತೂ ಅಲ್ರಿ" ಎಂದಳು ಜರೀನಾಬಿ. ಸುಧಾರಾಣಿ ಕನ್ನಡಿ ಒರೆಸುತ್ತ, "ಚಾ ಕುಡೀತೀರೇನ್ರಿ?" ಎಂದಳು. ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ.