ದೊರೆ ತೆರಿಗೆ ಹಾಕಿದ ನಾಟಕ

ಮಕ್ಕಳ ಕೈಲಿ ನಾಟಕ ಮಾಡಿಸ್ತೀನಿ ಅಂತ ಹೊರಟರೆ ಇಂಥದ್ದೆಲ್ಲ ಆಗ್ತಾನೇ ಇರುತ್ತೆ. ಬುದ್ಧಿ ಬರದೇ ಇರೋದು ನನಗೆ. ಈ ಸಲ ರಾಜ್ಯೋತ್ಸವಕ್ಕೆ ನಾನೇ ಬರೆದಿದ್ದೆ: ಬ್ರಿಟಿಷರು ನಮ್ಮ ದೇಶಕ್ಕೆ ಮೊದಲ ಸಲ ಇನ್‌ಕಮ್ ಟ್ಯಾಕ್ಸ್ ತಂದ ಕಥೆ. ನಮ್ಮ ಕನ್ನಡ ಸಂಘದ ಅಧ್ಯಕ್ಷರು ಮೊದಲೇ ಹೇಳಿಬಿಟ್ಟಿದ್ದರು, "ನೋಡಿ ಮೇಡಂ, ಜನ ಎದ್ದು ಚಪ್ಪಾಳೆ ಹೊಡೀಬೇಕು. ಇಲ್ಲಾಂದ್ರೆ ಮುಂದಿನ ವರ್ಷದಿಂದ ನಾಟಕ ಬಂದ್, ಬರೀ ಸಿನಿಮಾ ಡ್ಯಾನ್ಸ್."

೧. ಪಾತ್ರ ಹಂಚಿಕೆ

ಅಮೆರಿಕದ ಲಿವೋನಿಯಾ ಊರಿನ ನಮ್ಮ ಬೇಸ್‌ಮೆಂಟಲ್ಲಿ ಮಕ್ಕಳನ್ನ ಕೂರಿಸಿ, "ಊರ ಗೌಡ ಯಾರಾಗ್ತೀರಾ?" ಅಂದೆ. ಒಂದು ಕೈಯೂ ಏಳಲಿಲ್ಲ. "ತೆರಿಗೆ ಹಾಕೋ ದುಷ್ಟ ದೊರೆ?" ಅಂದೆ. ಎಲ್ಲರ ಕೈಯೂ ಮೇಲೆ! "ಯಾಕ್ರೋ?" ಅಂದೆ. ಒಬ್ಬಳು ಹುಡುಗಿ ಮೆತ್ತಗೆ ಹೇಳಿದಳು, "ಆಂಟಿ, ಹಿ ಗೆಟ್ಸ್ ಟು ಸ್ಪೀಕ್ ಇಂಗ್ಲಿಷ್!"

ಓಹೋ! ದೊರೆಗೂ ಕನ್ನಡದಲ್ಲೇ ಮಾತು ಬರೆದೆ. ಎಲ್ಲ ಕೈ ಕೆಳಗಿಳೀತು. ಆ ಹುಡುಗಿಯನ್ನೇ ಹಿಡಿದು ದೊರೆ ಮಾಡಿದೆ. ಅವಳ ಕನ್ನಡ ಥೇಟ್ ದೊರೆ ಕನ್ನಡ, ಕಲಿಸೋ ಕೆಲಸವೇ ಬೀಳಲಿಲ್ಲ.

೨. ರಿಹರ್ಸಲ್

ದೊರೆ ಮನೆ ಬಾಗಿಲಿಗೆ ಬಂದಾಗ ಗೌಡನ ಹೆಂಡತಿ ಪೊರಕೆ ಎತ್ತಿ "ಆಚೆ ನಡಿ!" ಅನ್ನಬೇಕು. ಮೈಸೂರಿಂದ ಬಂದಿದ್ದ ನಮ್ಮತ್ತೆ ಸೋಫಾ ಮೇಲಿಂದ ಗದರಿದರು, "ಮನೆಗೆ ಬಂದೋರಿಗೆ ಹಾಗನ್ನಬಾರದು ಪುಟ್ಟಿ. ಕಾಫಿ ಕೊಡು."

"ಅತ್ತೆ, ಅವರು ತೆರಿಗೆ ಕೇಳೋಕೆ ಬಂದಿರೋ ಬ್ರಿಟಿಷರು!"

"ಕಾಫಿ ಕುಡಿದು ಕೇಳಲಿ. ಓಡಿಹೋಗ್ತೀವಾ ನಾವು?"

ಮುಂದಿನ ವಾರದಿಂದ ಕಾಫಿ ಕೊಟ್ಟೇ ಕ್ರಾಂತಿ. ಆಮೇಲೆ ಚಕ್ಕುಲಿಯೂ ಸೇರಿಕೊಳ್ತು.

೩. ಪ್ರದರ್ಶನ

ಸ್ಕೂಲ್ ಆಡಿಟೋರಿಯಂ ತುಂಬಿತ್ತು, ಆದರೆ ಬಂದೋರೆಲ್ಲ ಫೋನಲ್ಲಿ ಮುಳುಗಿದ್ದರು. ಅಧ್ಯಕ್ಷರು ಆಕಳಿಸಿದರು. ಮುಗೀತು ನನ್ನ ನಾಟಕದ ಕಥೆ ಅಂದ್ಕೊಂಡೆ.

ಅಷ್ಟರಲ್ಲಿ ದೊರೆ ಅಂಟಿಸಿದ ಮೀಸೆ ತಿರುವಿ ಗುಡುಗಿದಳು, "ಇನ್ಮೇಲೆ ನಿಮ್ಮ ಸಂಪಾದನೇಲಿ ನೂರಕ್ಕೆ ನಾಲ್ಕು ರೂಪಾಯಿ ತೆರಿಗೆ!"

ಫೋನೆಲ್ಲ ಕೆಳಗಿಳೀತು. ಪಕ್ಕದೂರು ಆನ್ ಆರ್ಬರ್‌ನ ಡಾಕ್ಟರ್ ಅಂಕಲ್ ಒಬ್ಬರು ಎದ್ದೇಬಿಟ್ಟರು. "ಬರೀ ನಾಲ್ಕೇನಾ?"

ಹಿಂದಿಂದ ಇನ್ನೊಬ್ಬರು, "ಸ್ಟೇಟ್ ಟ್ಯಾಕ್ಸ್ ಸೇರಿಸೀನಾ?"

ದೊರೆ ತಬ್ಬಿಬ್ಬಾಗಿ ನನ್ನ ಕಡೆ ನೋಡಿದಳು. ಆಮೇಲೆ ತಾನೇ ಧೈರ್ಯ ಮಾಡಿ, "ಎಲ್ಲಾ ಸೇರಿಸಿ, ಅಂಕಲ್."

ಅಯ್ಯೋ, ಇಡೀ ಸಭೆ ಎದ್ದು ನಿಂತು ಚಪ್ಪಾಳೆ, ಶಿಳ್ಳೆ! ಗೌಡನ ಹೆಂಡತಿ ಪೊರಕೆ ಎತ್ತಿದರೆ, "ಏಯ್, ಓಡಿಸಬೇಡಮ್ಮಾ ಅವರನ್ನ, ಇನ್ನೊಂದು ಚಕ್ಕುಲಿ ಕೊಡು!" ಅಂತ ಕೂಗು.

ಅಧ್ಯಕ್ಷರು ಓಡಿಬಂದು ಕೈ ಕುಲುಕಿದರು. "ಮೇಡಂ, ಮುಂದಿನ ವರ್ಷಾನೂ ನಾಟಕ ಗ್ಯಾರಂಟಿ!"

ನಾಟಕವೇನೋ ಉಳೀತು. ದೇಶ ಹೋಯ್ತು.