ಟವೆಲ್ಲಿನ ಕೆಳಗೆ ಮೋರಿಸ್ ಮೈನರ್

ಶಂಕ್ರವ್ವ ತವರಿಗೆ ಹೋಗಿ ಇಪ್ಪತ್ತಾರು ದಿನವಾಗಿತ್ತು. ಗಂಡ ಕುಡಿಯುತ್ತಿರಲಿಲ್ಲ, ಇಸ್ಪೀಟು ಮುಟ್ಟುತ್ತಿರಲಿಲ್ಲ. ಜಗಳಕ್ಕೆ ಕಾರಣ ಒಂದು ಹಳೇ ಮೋರಿಸ್ ಮೈನರ್ ಕಾರು.

"ಈ ಡಬ್ಬಿ ಅಂಗಳದಾಗಿಂದ ಹೋದ ದಿನ ನಾ ಬರ್ತೇನಿ. ಅಲ್ಲೀತನಕ ಅದರ ಕೂಡನ ಸಂಸಾರ ಮಾಡ್ರಿ" ಎಂದು ಹತ್ತಿಮತ್ತೂರಿನ ಬಸ್ಸು ಹತ್ತಿದ್ದಳು.

ಗಂಡ ಉಳಿವೆಪ್ಪ ಅಕ್ಕಿಆಲೂರಿನ ಗಿರಣಿಯೊಂದರ ಮೇಸ್ತ್ರಿ. ಯಾರದೋ ಹಿತ್ತಲಲ್ಲಿ ಕೋಳಿಗೂಡಾಗಿದ್ದ ವಿಲಾಯ್ತಿ ಕಾರನ್ನು ಎಳೆದು ತಂದು, ಮೂರು ವರ್ಷ ಅದರ ಅಡಿಯಲ್ಲೇ ಮಲಗಿ ಜೀವ ಬರಿಸಿದ್ದ. ಅಷ್ಟಕ್ಕೇ ಬಿಟ್ಟನೇ ಪುಣ್ಯಾತ್ಮ? ಸುಧಾರಣೆ ಬೇರೆ ಮಾಡಿದ. ಗಿರಣಿ ಬಾಗಿಲಿಗೆ ಬಳಿದು ಉಳಿದ ಗಿಳಿಹಸಿರು ಬಣ್ಣ, ಲಾರಿಯ ಹಾರ್ನು, ಟ್ರ್ಯಾಕ್ಟರಿನ ದೀಪ, ಒಳಗೆ ಟೂರಿಂಗ್ ಟಾಕೀಸಿನ ಕುರ್ಚಿಗಳು. ಕಾರು ಓಡುತ್ತಿತ್ತು, ಸುಳ್ಳಲ್ಲ. ಆದರೆ ಹೊರಡಿಸಲು ಪ್ರತಿ ಸಲ ನಾಲ್ಕು ಜನ ಬೇಕಿತ್ತು.

ಎಪ್ಪತ್ತೊಂಬತ್ತನೆಯ ಇಸವಿಯ ಆ ಸಂತೆಯ ದಿನ, ಮಾರಾಟಕ್ಕಿಟ್ಟ ಕಾರು ನೋಡಲು ಬರುವುದಾಗಿ ಸವಣೂರಿನ ವೀಳ್ಯದೆಲೆ ವ್ಯಾಪಾರಿ ಕುತುಬುದ್ದೀನ ಕಾರ್ಡು ಬರೆದಿದ್ದ. ಉಳಿವೆಪ್ಪ ಬೆಳಗಾಗುತ್ತಲೇ ಕಾರಿಗೆ ಮೈ ತೊಳೆಯುತ್ತಿದ್ದಾಗ, ಪಕ್ಕದ ಮನೆಯ ದನದ ದಲಾಲಿ ಹುಚ್ಚಪ್ಪ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಬಂದ.

"ಮಾಲಕ ಬಾಯಿ ಹಾಕಿದ್ರ ವ್ಯಾಪಾರ ಕೆಡತೈತಿ. ನೀ ಸುಮ್ನ ನಿಂದರು. ಮೂವತ್ತು ವರ್ಷ ಎತ್ತು ಮಾರೇನಿ ನಾ."

"ಇದು ಎತ್ತಲ್ಲೋ ಹುಚ್ಚಪ್ಪಾ!"

"ನಾಕು ಕಾಲು ಅದಾವಿಲ್ಲ?"

ಕುತುಬುದ್ದೀನ ಬಂದ ಕೂಡಲೇ ಹುಚ್ಚಪ್ಪ ಎತ್ತಿನ ಬಾಯಿ ಬಿಡಿಸಿದಂತೆ ಬಾನೆಟ್ಟು ಎತ್ತಿ, "ಹಲ್ಲು ನೋಡ್ರಿ ಸಾಹೇಬ್ರ, ಇನ್ನೂ ಎಳೇದೈತಿ. ಹಾಯಂಗಿಲ್ಲ, ಒದಿಯಂಗಿಲ್ಲ" ಎಂದು ಹಿಂಭಾಗಕ್ಕೆ ಒಂದು ತಟ್ಟಿದ.

ಗೋಡೆಯಾಚೆಯಿಂದ ನೆರೆಯ ವೀರವ್ವ ಕೂಗಿದಳು: "ಮಲಗಿದ್ರ ಏಳಂಗಿಲ್ಲ ಅನ್ನೂದೂ ಹೇಳಪಾ! ನೂಕಿ ನೂಕಿ ನಮ್ಮ ಮನಿಯವ್ರ ಸೊಂಟ ಬಿದ್ದು ಹೋಗೈತಿ!"

ಉಳಿವೆಪ್ಪ ಲಗುಬಗೆಯಿಂದ ಬಾನೆಟ್ಟು ಮುಚ್ಚಿದ. ಕುತುಬುದ್ದೀನ ಮಾತ್ರ, "ಒಂದು ರೌಂಡ್ ಹೋಗೂಣು ನಡೀರಿ" ಎಂದು ಹತ್ತಿ ಕೂತ.

ನಾಲ್ಕು ಜನ ನೂಕಿದರು, ಕಾರು ಹೊರಟಿತು. ಸಂತೆಯ ತಿರುವಿನಲ್ಲಿ ಉಳಿವೆಪ್ಪ ಹಾರ್ನು ಒತ್ತಿದ. ಅದು ನಿಲ್ಲಲೇ ಇಲ್ಲ! ಎಮ್ಮೆಗಳು ಹಗ್ಗ ಹರಿದುಕೊಂಡು ಓಡಿದವು, ಅವುಗಳ ಹಿಂದೆ ಮಾಲೀಕರು ಓಡಿದರು. ಕಾರು ಮೆಣಸಿನಕಾಯಿ ರಾಶಿಯೊಂದನ್ನು ಹತ್ತಿಳಿದು, ಚಹಾದಂಗಡಿಯ ಬೆಂಚಿಗೆ ಮೂಗು ತಾಗಿಸಿ ನಿಂತಿತು. ವಯರು ಕಿತ್ತ ಮೇಲೆಯೇ ಹಾರ್ನಿನ ಬಾಯಿ ಮುಚ್ಚಿದ್ದು. ಕೆಳಗಿಳಿದ ಕುತುಬುದ್ದೀನ ಹದಿನೇಳು ಸಲ ಸೀನಿ, ಕಣ್ಣೊರೆಸಿಕೊಂಡು ಏನೋ ಯೋಚನೆಗೆ ಬಿದ್ದ.

ಕಾರನ್ನು ನೂಕಿಕೊಂಡು ಮನೆಗೆ ತಂದರು. ಹುಚ್ಚಪ್ಪ ಕುತುಬುದ್ದೀನನ ಕೈ ಹಿಡಿದು ಮೇಲೆ ಟವೆಲ್ಲು ಹೊದಿಸಿದ. ನೋಡುವವರಿಗೆ ತಿಳಿಯದಂತೆ ಬೆರಳು ಹಿಡಿದೇ ದರ ಹೇಳುವುದು ದನದ ಪೇಟೆಯ ರಿವಾಜು.

"ಉಳಿವೆಪ್ಪಾ, ಕೈ ಆಡಿದ ಮಾತು ಹೊಳ್ಳಿ ತಿರುಗಂಗಿಲ್ಲ. ನಿನ್ನ ಒಪ್ಪಿಗಿ ಐತಿಲ್ಲ?"

"ಐತೋ ಯಪ್ಪಾ, ಐತಿ!"

ಟವೆಲ್ಲು ಒಳಗೆ ಇಲಿ ಹೊಕ್ಕಂತೆ ಕುಣಿಯಿತು. ಕಿವಿಯಲ್ಲಿ ಪಿಸುಮಾತು, ಮತ್ತೆ ಬೆರಳು, ಮತ್ತೆ ಪಿಸುಮಾತು. ಕೊನೆಗೆ ಹುಚ್ಚಪ್ಪ "ಮುಗೀತು!" ಎಂದ. ಕುತುಬುದ್ದೀನ ಉಳಿವೆಪ್ಪನನ್ನು ತಬ್ಬಿಕೊಂಡು, "ನೀವು ದೊಡ್ಡ ಮನಸಿನವ್ರು. ಸಂಜಿಗೆ ಟ್ರ್ಯಾಕ್ಟರ್ ತಗೊಂಡು ಬರ್ತೇನಿ" ಎಂದವನೇ ಬಸ್ಸಿಗೆ ಓಡಿದ.

"ಎಷ್ಟಕ್ಕೋ?"

"ಸಂಜೀತನಕ ಕೇಳಬ್ಯಾಡ, ದೃಷ್ಟಿ ಆಕತಿ."

ಎಷ್ಟಕ್ಕಾದರೇನು, ಹೆಂಡತಿ ಬಂದರೆ ಸಾಕಾಗಿತ್ತು ಅವನಿಗೆ. ಬಸ್ ಸ್ಟ್ಯಾಂಡಿಗೆ ಓಡಿ, ಹತ್ತಿಮತ್ತೂರಿನ ಕಂಡಕ್ಟರನ ಕೈಹಿಡಿದು, "ಕಾರು ಹೋತಂತ ನಮ್ಮಾಕಿಗೆ ಹೇಳ್ರಿ, ಸಂಜಿ ಬಸ್ಸಿಗೆ ಬಾ ಅನ್ರಿ" ಎಂದ. ಮನೆಗೆ ಬಂದು ಕಸ ಹೊಡೆದ, ಎರಡೆರಡು ಸಲ ಮುಖ ತೊಳೆದ. ಖುಷಿಗೆ ವೀರವ್ವನಿಗೂ ಒಂದು ನಮಸ್ಕಾರ ಹಾಕಿದ.

ಸಂಜೆ ಟ್ರ್ಯಾಕ್ಟರು ಬಂತು. ಅದರ ಹಿಂದೆ ಒಂದು ಹಗ್ಗ. ಹಗ್ಗದ ಹಿಂದೆ ಇನ್ನೊಂದು ಮೋರಿಸ್ ಮೈನರ್! ಗಾಜಿಲ್ಲ, ಬಣ್ಣವಿಲ್ಲ, ಕಿಟಕಿಯಿಂದ ವೀಳ್ಯದೆಲೆ ಬಳ್ಳಿ ಹೊರಬಂದಿತ್ತು.

"ಏನೋ ಇದು?" ಉಳಿವೆಪ್ಪ ಹುಚ್ಚಪ್ಪನತ್ತ ತಿರುಗಿದ.

"ಹೆಂಗ!" ಹುಚ್ಚಪ್ಪ ಮೀಸೆ ತಿರುವಿದ. "ಸಾಹೇಬ್ರು ನಿನ್ನ ಗಾಡಿ ಬಿಚ್ಚಿ ತಮ್ಮ ಗಾಡಿ ರಿಪೇರಿ ಮಾಡಾಕ ಬಂದಿದ್ರು. ನಿನ್ನ ಗಾಡ್ಯಾಗ ಕುಂತು ಬಂದ ಮ್ಯಾಲ ಅವ್ರಿಗೆ ತಮ್ಮದರ ಆಸೀನೂ ಹೋತು. ಕೊಳ್ಳಾಕ ಬಂದವ್ರ ಕಡಿಂದನ ಅವ್ರ ಗಾಡಿ ನಿನಗ ಮಾರಿಸಿಬಿಟ್ಟೆ! ಒಂಟಿ ಎತ್ತಿಗೆ ಯಾರ್ ರೊಕ್ಕ ಕೊಡ್ತಾರೋ? ಜೋಡಿ ಮಾಡೇನಿ ನಿಂದು!"

ಅಷ್ಟರಲ್ಲಿ ಹಗ್ಗ ಪಟ್ಟೆಂದು ಹರಿದು, ಆ ಕಾರು ರಸ್ತೆಗೆ ಅಡ್ಡ ನಿಂತಿತು. ಅದರ ಹಿಂದೆಯೇ ಬಂದ ಹತ್ತಿಮತ್ತೂರಿನ ಬಸ್ಸೂ ನಿಂತಿತು.

ತಲೆಗೆ ಮಲ್ಲಿಗೆ ಮುಡಿದು ಇಳಿಯಲು ಸಿದ್ಧಳಾಗಿದ್ದ ಶಂಕ್ರವ್ವ ಬಾಗಿಲಲ್ಲೇ ನಿಂತು ಅಂಗಳ ನೋಡಿದಳು, ರಸ್ತೆ ನೋಡಿದಳು, ಗಂಡನನ್ನು ನೋಡಿದಳು.

"ಕಂಡಕ್ಟರ್ ಅಣ್ಣಾ, ಈ ಬಸ್ಸು ಹೊಳ್ಳಿ ಯಾವಾಗ ಹೊಂಡತೈತ್ರಿ?"

"ಸ್ಟ್ಯಾಂಡ್ ಮುಟ್ಟಿದ ಕೂಡ್ಲೇ ಹೊಳ್ಳೂದರಿ ಅಕ್ಕಾರ. ಆದ್ರ ಇದು ದಾರಿ ಬಿಡಬೇಕಲ್ಲ?"

ಬಸ್ಸಿಗೆ ಬಸ್ಸೇ "ನೂಕ್ರಿ! ನೂಕ್ರಿ!" ಎಂದು ಕೂಗಿತು. ನೂಕಲು ಇದ್ದ ಜಾಗ ಉಳಿವೆಪ್ಪನ ಅಂಗಳವೊಂದೇ. ಅವನು ಅಳುಮುಖ ಮಾಡಿಕೊಂಡು ಭುಜ ಕೊಟ್ಟ. ಶಂಕ್ರವ್ವ ಕಿಟಕಿಯ ಸೀಟು ಹಿಡಿದು ಕೂತು, ಹೊರಗೆ ತಲೆ ಹಾಕಿದಳು.

"ಲಗೂನ ನೂಕ್ರಿ! ಕತ್ತಲಾಗೂದ್ರಾಗ ನಾ ಊರು ಮುಟ್ಟಬೇಕು."